ಗಾಜು, ಪಿಂಗಾಣಿ, ಎನಾಮಲ್, ಹಂಚು: ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯಲ್ಲಿ ನಮ್ಮದೊಂದು ಪಾತ್ರೆ ಅಂಗಡಿ ಇದೆ. ಅದಕ್ಕೂ ಮೊದಲು ನಾನು ಕೆಲವು ವರ್ಷ ಮಂಗಳೂರಿನ ಕಡೆ ಹಂಚಿನ ಕಾರ್ಖಾನೆಯೊಂದರಲ್ಲಿ ಮಾಲು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಹಾಗಾಗಿ ಲೋಟ ಒಡೆದರೂ, ಭರಣಿ ಒಸರಿದರೂ, ನೆಲದ ಟೈಲ್ಸ್ ಎದ್ದು ಬಂದರೂ ಜನ ಕೇಳುವುದು ನನ್ನನ್ನೇ. ಕೆಲವರು ಒಡೆದ ಚೂರನ್ನು ಪೇಪರಿನಲ್ಲಿ ಕಟ್ಟಿ ತರುತ್ತಾರೆ, ಡಾಕ್ಟರಿಗೆ ತೋರಿಸುವ ಹಾಗೆ. ಪತ್ರ ಬರೆದು ಕೇಳಿದವರೂ ಇದ್ದಾರೆ. ಕೇಳಿದ್ದನ್ನೇ ಕೇಳುವವರು ಜಾಸ್ತಿಯಾದ ಮೇಲೆ ಬರೆದಿಡುವುದೇ ಸುಲಭ ಅನ್ನಿಸಿತು. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲು ಅಡುಗೆಮನೆಯದ್ದು, ಆಮೇಲೆ ಭರಣಿ, ಮಾಡು (ಮನೆಯ ಛಾವಣಿ), ನೆಲದ್ದು, ಕೊನೆಗೆ ಸ್ವಲ್ಪ ತಲೆ ಕೆರೆದುಕೊಳ್ಳುವಂಥದ್ದು.

## ಅಡುಗೆಮನೆ

ಬಿಸಿ ಚಾ ಹಾಕಿದ ಕೂಡಲೇ ಲೋಟ ಟಪ್ ಅಂತ ಒಡೆಯಿತು. ಗಟ್ಟಿ ಇರಲಿ ಅಂತ ದಪ್ಪದ್ದೇ ತಗೊಂಡಿದ್ದೆ, ಮತ್ತೆಂತಕ್ಕೆ?

ದಪ್ಪದ್ದು ತಗೊಂಡದ್ದಕ್ಕೇ. ಗಾಜಿನಲ್ಲಿ ಬಿಸಿ ನಿಧಾನಕ್ಕೆ ದಾಟುತ್ತದೆ. ಚಾ ತಾಗಿದ ಒಳಮೈ ಕೂಡಲೇ ಹಿಗ್ಗುತ್ತದೆ, ಹೊರಮೈ ಇನ್ನೂ ತಣ್ಣಗೇ ಇರುತ್ತದೆ. ಹಿಗ್ಗುವ ಒಳಮೈ ಹೊರಮೈಯನ್ನು ಎಳೆಯುತ್ತದೆ. ಗೋಡೆ ದಪ್ಪವಾದಷ್ಟೂ ಒಳಗಿಗೂ ಹೊರಗಿಗೂ ಬಿಸಿಯ ವ್ಯತ್ಯಾಸ ಜಾಸ್ತಿ, ಎಳೆತವೂ ಜಾಸ್ತಿ. ದಪ್ಪ ತಳದ ಲೋಟ ಹೆಚ್ಚಾಗಿ ತಳ ಮತ್ತು ಗೋಡೆ ಸೇರುವಲ್ಲೇ ಬಿಡುವುದು ಅದಕ್ಕೇ. ಬಸ್‌ಸ್ಟ್ಯಾಂಡಿನ ಚಾ ಅಂಗಡಿಯ ತೆಳು ಲೋಟ ದಿನವಿಡೀ ಕುದಿ ಚಾ ಕಂಡರೂ ತಣ್ಣಗೆ ಕೂತಿರುತ್ತದೆ.

ಇಲ್ಲಿಯೇ ಒಂದು ಮಾತು ಹೇಳಿಬಿಡುತ್ತೇನೆ. ಗಾಜು, ಪಿಂಗಾಣಿ, ಹಂಚು, ಇವೆಲ್ಲದರ ಸ್ವಭಾವ ಒಂದೇ. ಒತ್ತಿದರೆ ತಾಳುತ್ತವೆ, ಎಳೆದರೆ ಬಿರಿಯುತ್ತವೆ. ಸ್ಟೀಲನ್ನು ಎಳೆದರೆ ಅದು ಸ್ವಲ್ಪ ಉದ್ದವಾಗಿ, ಬಗ್ಗಿ ಸುಧಾರಿಸಿಕೊಳ್ಳುತ್ತದೆ. ಗಾಜಿಗೆ ಬಗ್ಗಿ ಗೊತ್ತಿಲ್ಲ. ಮುಂದಿನ ಮುಕ್ಕಾಲು ಉತ್ತರ ಈ ಮಾತಿನ ಸುತ್ತವೇ ತಿರುಗುತ್ತದೆ.

ಉಪಾಯ ಅಂದರೆ, ಲೋಟವನ್ನು ಬೆಚ್ಚಗಿನ ನೀರಲ್ಲಿ ತೊಳೆದು, ಮೊದಲು ಎರಡು ಚಮಚ ಚಾ ಹಾಕಿ ಆಡಿಸಿ ಆಮೇಲೆ ತುಂಬಿಸುವುದು. ಸ್ಟೀಲ್ ಚಮಚ ಇಟ್ಟು ಅದರ ಮೇಲೆ ಸುರಿಯುವ ಅಜ್ಜಿಯ ಕ್ರಮ ಸುಳ್ಳಲ್ಲ. ಸ್ವಲ್ಪ ಬಿಸಿಯನ್ನು ಚಮಚ ಹೀರಿಕೊಳ್ಳುತ್ತದೆ. ಬಿಸಿ ಲೋಟಕ್ಕೆ ತಣ್ಣೀರು ಹಾಕುವುದು ಮಾತ್ರ ಇನ್ನೂ ಕೆಟ್ಟದ್ದು. ಆಗ ಎಳೆತ ಬರುವುದು ನೀರು ತಾಗಿದ ಒಳಮೈಗೆ. ಚಮಚ, ಬ್ರಶ್ಶು ಗೀರಿ ಗೀರಿ ಸೋತಿರುವುದೂ ಅದೇ ಮೈ.

ಬೊರೊಸಿಲ್ ಅಂತ ಹೇಳಿ ಮೂರು ಪಟ್ಟು ರೇಟ್ ಹೇಳ್ತೀರಲ್ಲ, ಅದು ಬೇರೆ ಜಾತಿಯ ಗಾಜಾ?

ಬೊರೊಸಿಲ್ ಕಂಪನಿಯ ಹೆಸರು. ಗಾಜಿನ ಜಾತಿಯ ಹೆಸರು ಬೋರೋಸಿಲಿಕೇಟ್, ಮತ್ತು ಹೌದು, ಜಾತಿ ಬೇರೆಯೇ. ಸಾಮಾನ್ಯ ಲೋಟ, ಬಾಟಲಿ, ಕಿಟಕಿಯ ಗಾಜು ಮರಳು, ಸೋಡಾ, ಸುಣ್ಣ ಸೇರಿಸಿ ಕರಗಿಸಿದ್ದು. ಅದರ ಒಂದು ಮೀಟರ್ ಉದ್ದದ ಪಟ್ಟಿ 100 ಡಿಗ್ರಿ ಬಿಸಿಯಾದರೆ ಸುಮಾರು 0.9 ಮಿಲಿಮೀಟರ್ ಹಿಗ್ಗುತ್ತದೆ. ಸೋಡಾದ ಪಾಲು ಕಡಿಮೆ ಮಾಡಿ ಬೋರಾನ್ ಆಕ್ಸೈಡ್ ಸೇರಿಸಿದರೆ ಅದೇ ಪಟ್ಟಿ ಹಿಗ್ಗುವುದು 0.33 ಮಿಲಿಮೀಟರ್ ಮಾತ್ರ. ಹಿಗ್ಗುವುದು ಮೂರರಲ್ಲಿ ಒಂದು ಪಾಲಾದರೆ ಎಳೆತವೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಜರ್ಮನಿಯ ಯೇನಾ ಊರಿನ ಆಟೋ ಶಾಟ್ 1880ರ ದಶಕದಲ್ಲಿ ಈ ಗಾಜಿನ ಕೆಲಸ ಶುರು ಮಾಡಿದ. ಅದು ಅಡುಗೆಮನೆಗೆ ಬಂದದ್ದು 1915ರಲ್ಲಿ, ಅಮೆರಿಕದ ಕಾರ್ನಿಂಗ್ ಕಂಪನಿ ಪೈರೆಕ್ಸ್ ಹೆಸರಲ್ಲಿ ಮಾರತೊಡಗಿದಾಗ. ಕಾಲೇಜಿನ ಲ್ಯಾಬಿನಲ್ಲಿ ಬೀಕರನ್ನು ಬರ್ನರಿನ ಮೇಲೆ ಇಟ್ಟದ್ದು ನೆನಪಿದೆಯಲ್ಲ, ಅದೂ ಇದೇ.

ಆದರೆ ಕೈಯಿಂದ ಜಾರಿ ಬಿದ್ದರೆ ಇದೂ ಒಡೆಯುತ್ತದೆ. ಬಿಸಿಗೆ ತಾಳುವುದು ಬೇರೆ, ಬಿದ್ದರೆ ತಾಳುವುದು ಬೇರೆ.

ಮಣ್ಣಿನ ಬಿಸಲೆ ಒಲೆ ಮೇಲೆ ಇಟ್ಟರೂ ಎಂತ ಆಗುವುದಿಲ್ಲ. ಪಿಂಗಾಣಿ ಕಪ್ ಇಟ್ಟರೆ ಸೀಳುತ್ತದೆ. ಪಿಂಗಾಣಿ ಅಲ್ವಾ ಗಟ್ಟಿ?

ಗಟ್ಟಿ ಪಿಂಗಾಣಿಯೇ. ಅದನ್ನು 1250ರಿಂದ 1400 ಡಿಗ್ರಿಯಲ್ಲಿ ಸುಡುತ್ತಾರೆ. ಒಳಗಿನ ಒಂದು ಪಾಲು ಗಾಜಿನಂತೆ ಕರಗಿ ಸಂದುಗಳನ್ನೆಲ್ಲ ತುಂಬುತ್ತದೆ. ಮೀನು ಸಾರಿನ ಬಿಸಲೆ ಬೇಯುವುದು ಅದಕ್ಕಿಂತ ತುಂಬ ಕಡಿಮೆ ಬಿಸಿಯಲ್ಲಿ, ಸಾಮಾನ್ಯವಾಗಿ 700ರಿಂದ 900ರ ಒಳಗೆ. ಮಣ್ಣಿನ ಕಣಗಳು ಅಲ್ಲಲ್ಲಿ ಅಂಟಿಕೊಂಡಿರುತ್ತವೆ ಅಷ್ಟೇ, ಮೈ ತುಂಬಾ ಸಣ್ಣ ಸಣ್ಣ ತೂತು. ಈ ತೂತುಗಳೇ ಅದರ ರಕ್ಷಣೆ. ಬಿರುಕು ಹೊರಟರೂ ಮುಂದಿನ ತೂತಿನ ಹತ್ತಿರ ಹೋಗಿ ನಿಂತುಬಿಡುತ್ತದೆ. ಪಿಂಗಾಣಿಯಲ್ಲಿ ನಿಲ್ಲಲು ಜಾಗ ಇಲ್ಲ, ಈ ತುದಿಯಿಂದ ಆ ತುದಿಗೆ ಒಂದೇ ಓಟ.

ಇನ್ನೊಂದು, ಬಿಸಲೆಯ ತಳ ನೋಡಿ. ಎಲ್ಲೂ ಮೂಲೆ ಇಲ್ಲ, ಉರುಟು. ಎಳೆತ ಒಂದೇ ಕಡೆ ಸೇರುವುದಿಲ್ಲ.

ಹೊಸ ಬಿಸಲೆ ತಂದರೆ ಒಂದು ದಿನ ನೀರಲ್ಲಿ ಮುಳುಗಿಸಿಟ್ಟು, ಆಮೇಲೆ ಕುಚ್ಚಲಕ್ಕಿಯ ಗಂಜಿ ತಿಳಿ ಹಾಕಿ ಸಣ್ಣ ಬೆಂಕಿಯಲ್ಲಿ ಕುದಿಸಬೇಕು. ಗಂಜಿಯ ಪಿಷ್ಟ ತೂತುಗಳಲ್ಲಿ ಕೂತು ಒಸರುವುದನ್ನು ಕಡಿಮೆ ಮಾಡುತ್ತದೆ. ಸೋಪು ಹಾಕಿ ತೊಳೆಯಬೇಡಿ. ಸೋಪೂ ಅದೇ ತೂತಿಗೆ ಹೋಗಿ ಕೂರುತ್ತದೆ, ನಾಳೆಯ ಬಂಗುಡೆ ಸಾರಿನಲ್ಲಿ ಹೊರಗೆ ಬರುತ್ತದೆ.

ಹುಬ್ಬಳ್ಳಿಯಲ್ಲಿ ಅಕ್ಕನ ಮನೆಯ ಮಡಕೆ ನೀರು ಫ್ರಿಜ್ಜಿನ ಹಾಗೆ ತಂಪು. ಇಲ್ಲಿ ಅದೇ ಮಡಕೆ ಇಟ್ಟರೆ ಸುಮ್ನೆ ನೀರು. ಮಡಕೆ ಸರಿ ಇಲ್ವಾ?

ಮಡಕೆ ಸರಿ ಇದೆ, ಗಾಳಿ ಬೇರೆ. ಮಡಕೆಯ ತೂತುಗಳಿಂದ ನೀರು ಹೊರಮೈಗೆ ಒಸರಿ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಬಿಸಿಯನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಗಾಳಿ ಒಣಗಿದ್ದರೆ ಈ ಕೆಲಸ ಜೋರು. ನಮ್ಮ ಕರಾವಳಿಯ ಸೆಕೆಯಲ್ಲಿ ಗಾಳಿಯೇ ಅರ್ಧ ನೀರು. ಬಟ್ಟೆಯೇ ಒಣಗುವುದಿಲ್ಲ, ಮಡಕೆ ಹೇಗೆ ಒಣಗಬೇಕು?

ಲೆಕ್ಕ ಬೇಕಾದರೆ ಹೀಗೆ. 40 ಡಿಗ್ರಿ ಬಿಸಿಲು, ಗಾಳಿಯಲ್ಲಿ ತೇವ 20 ಶೇಕಡಾ ಇದ್ದರೆ ಒದ್ದೆ ಮೈ ಹೆಚ್ಚೆಂದರೆ ಸುಮಾರು 22 ಡಿಗ್ರಿವರೆಗೆ ಇಳಿಯಬಹುದು. 33 ಡಿಗ್ರಿ, ತೇವ 70 ಶೇಕಡಾ ಇದ್ದರೆ ಸುಮಾರು 28ಕ್ಕೇ ನಿಲ್ಲುತ್ತದೆ. ಬಯಲುಸೀಮೆಯಲ್ಲಿ 18 ಡಿಗ್ರಿ ಇಳಿತ, ಇಲ್ಲಿ 5. ಗಾಳಿಯಾಡುವ ಜಗಲಿಯಲ್ಲಿ ಇಡಿ, ಸ್ವಲ್ಪ ಪರವಾಗಿಲ್ಲ ಅನ್ನಿಸುತ್ತದೆ. ಮಡಕೆಯ ಹೊರಮೈಗೆ ಚಂದಕ್ಕೆ ಪೇಂಟ್ ಮಾಡಿದ್ದು ತರಬೇಡಿ. ತೂತು ಮುಚ್ಚಿದ ಮೇಲೆ ಅದು ಬರೀ ಭಾರದ ಪಾತ್ರೆ.

ನಮ್ಮಜ್ಜಿಯ ಪಿಂಗಾಣಿ ಬಟ್ಟಲು ಎಷ್ಟು ಸಲ ಬಿದ್ದರೂ ಒಡೆಯಲಿಲ್ಲ. ಈಗಿನ ಪಿಂಗಾಣಿ ಒಂದೇ ಸಲಕ್ಕೆ ಚೂರು. ಮಾಲು ಹಾಳಾಯಿತಾ ಮಾರಾಯ್ರೆ?

ಅಜ್ಜಿಯದ್ದು ಪಿಂಗಾಣಿಯೇ ಅಲ್ಲ. ನಮ್ಮಲ್ಲಿ ಹಲವರು ಬಿಳಿ ಹೊಳಪಿನದ್ದಕ್ಕೆಲ್ಲ ಪಿಂಗಾಣಿ ಅನ್ನುತ್ತಾರೆ. ನೀಲಿ ಅಂಚಿನ ಆ ಬಟ್ಟಲು, ಮಗ್ಗು, ಆಸ್ಪತ್ರೆಯ ಬೇಸಿನ್ನು, ಇವು ಎನಾಮಲ್ ಮಾಡಿದ ತಗಡು. ಒಳಗೆ ಉಕ್ಕಿನ ತೆಳು ತಗಡು, ಮೇಲೆ ಗಾಜಿನ ತೆಳು ಪದರ. ಗಾಜಿನ ಪುಡಿಯನ್ನು ನೀರಲ್ಲಿ ಕಲಸಿ ತಗಡಿಗೆ ಬಳಿದು, ಒಣಗಿಸಿ, 800ರಿಂದ 850 ಡಿಗ್ರಿಯ ಒಲೆಯಲ್ಲಿ ಕೆಲವೇ ನಿಮಿಷ ಇಟ್ಟರೆ ಪುಡಿ ಕರಗಿ ತಗಡಿಗೆ ಕಚ್ಚಿಕೊಳ್ಳುತ್ತದೆ.

ಗಾಜು ಉಕ್ಕಿಗೆ ಹಾಗೆ ಸುಮ್ಮನೆ ಅಂಟುವುದಿಲ್ಲ. ಮೊದಲ ಪದರದಲ್ಲಿ ಸ್ವಲ್ಪ ಕೋಬಾಲ್ಟ್ ಆಕ್ಸೈಡ್ ಬೇಕು. ಬಿಳಿ ಕಿತ್ತುಹೋದ ಜಾಗದಲ್ಲಿ ಕಡುನೀಲಿ ಅಥವಾ ಕಪ್ಪು ಕಾಣುತ್ತದಲ್ಲ, ಅದು ಆ ಪದರ. ಎರಡನೆಯ ಗುಟ್ಟು ಹಿಗ್ಗು-ಕುಗ್ಗಿನದ್ದು. ಒಲೆಯಿಂದ ತೆಗೆದು ತಣಿಯುವಾಗ ಉಕ್ಕು ಗಾಜಿಗಿಂತ ಸ್ವಲ್ಪ ಜಾಸ್ತಿ ಕುಗ್ಗುವ ಹಾಗೆ ಗಾಜಿನ ಪಾಕವನ್ನು ಹೊಂದಿಸುತ್ತಾರೆ. ಕುಗ್ಗಿದ ಉಕ್ಕು ಗಾಜನ್ನು ಒತ್ತಿ ಹಿಡಿದಿರುತ್ತದೆ. ಒತ್ತಿದ ಗಾಜು ತಾಳುತ್ತದೆ ಅಂತ ಮೊದಲೇ ಹೇಳಿದೆನಲ್ಲ. ಬಿದ್ದಾಗ ಬಗ್ಗುವುದು ತಗಡು, ಏಳುವುದು ಒಂದು ಚಕ್ಕೆ ಮಾತ್ರ.

ಅದೇ ಬಟ್ಟಲಿನ ಚಕ್ಕೆ ಎದ್ದಿದೆ. ಇನ್ನೂ ಊಟಕ್ಕೆ ಆಗ್ತದಾ?

ಅಡುಗೆಗೆ, ಊಟಕ್ಕೆ ಬೇಡ. ಎದ್ದ ಅಂಚಿನಿಂದ ಮತ್ತೆ ಮತ್ತೆ ಚಕ್ಕೆ ಏಳುತ್ತದೆ, ಅದು ಗಾಜೇ ತಾನೆ. ತಗಡು ತುಕ್ಕು ಹಿಡಿದು ಉಬ್ಬಿ ಪಕ್ಕದ ಎನಾಮಲನ್ನೂ ಎಬ್ಬಿಸುತ್ತದೆ. ನಮ್ಮ ಉಪ್ಪು ಗಾಳಿಯಲ್ಲಂತೂ ಒಂದು ಮಳೆಗಾಲ ಸಾಕು. ನಮ್ಮ ಮನೆಯ ಅಂಥದ್ದರಲ್ಲಿ ಈಗ ಬೆಕ್ಕು ಊಟ ಮಾಡುತ್ತಿಲ್ಲ, ಮಲ್ಲಿಗೆ ಗಿಡ ಬೆಳೆಯುತ್ತಿದೆ.

ಎನಾಮಲ್ ಪೇಂಟ್, ಹಲ್ಲಿನ ಎನಾಮಲ್, ಪಾತ್ರೆಯ ಎನಾಮಲ್ ಎಲ್ಲಾ ಒಂದೇಯಾ?

ಹೆಸರು ಮಾತ್ರ ಒಂದೇ. ಪೇಂಟು ಎಣ್ಣೆ-ರಾಳದ್ದು, ಬೆಂಕಿಗೆ ಸುಟ್ಟುಹೋಗುತ್ತದೆ. ಹಲ್ಲಿನದ್ದು ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ ಹರಳು. ಪಾತ್ರೆಯದ್ದು ಗಾಜು. ಆಭರಣದ ಮೀನಾಕಾರಿ ಕೆಲಸ ಕೂಡ ಗಾಜೇ, ಅಲ್ಲಿ ಉಕ್ಕಿನ ಬದಲು ಚಿನ್ನ ಅಥವಾ ಬೆಳ್ಳಿ.

ಮೈಕ್ರೋವೇವಿನಲ್ಲಿ ಸಾರಿಗಿಂತ ಕಪ್ಪೇ ಜಾಸ್ತಿ ಬಿಸಿಯಾಗುತ್ತದೆ. ಕರೆಂಟ್ ಹೊಡೆಯುತ್ತದಾ?

ಇಲ್ಲ. ಆ ಕಪ್ಪಿನ ಮೈಯೊಳಗೆ ನೀರು ಸೇರಿಕೊಂಡಿದೆ. ಚೆನ್ನಾಗಿ ಬೆಂದ ಪಿಂಗಾಣಿ ನೀರು ಕುಡಿಯುವುದಿಲ್ಲ. ಕಡಿಮೆ ಬೆಂದದ್ದು, ಗ್ಲೇಜು (ಮೇಲಿನ ಗಾಜಿನ ಪದರ) ಬಿರಿದದ್ದು ತಳದಿಂದ ನೀರು ಹೀರುತ್ತದೆ, ಮೈಕ್ರೋವೇವ್ ಆ ನೀರನ್ನು ಕಾಯಿಸುತ್ತದೆ. ಅಂಥ ಕಪ್ಪನ್ನು ಅದರಲ್ಲಿ ಇಡಬೇಡಿ. ಚಿನ್ನದ ಗೆರೆ ಇರುವುದನ್ನೂ ಬೇಡ, ಕಿಡಿ ಹಾರುತ್ತದೆ.

## ಭರಣಿ, ಮಾಡು, ನೆಲ

ಉಪ್ಪಿನಕಾಯಿ ಭರಣಿಯ ಹೊರಗೆ ಬಿಳಿ ಬಿಳಿ ಹತ್ತಿಯ ಹಾಗೆ ಬರುತ್ತದೆ. ಬೂಸ್ಟಾ?

ದೊಡ್ಡಮ್ಮನ ಮನೆಯಲ್ಲಿ ಇದೇ ಆಗಿತ್ತು. ಮಾವಿನ ಮಿಡಿ ಹಾಕಿಟ್ಟ ದೊಡ್ಡ ಭರಣಿ, ಕಪಾಟಿನ ಕತ್ತಲೆಯಲ್ಲಿ. ಹೊರಮೈಯಲ್ಲಿ ಬೆಳ್ಳಗೆ ಕೂದಲಿನಂಥದ್ದು ಎದ್ದಿತ್ತು. ದೊಡ್ಡಮ್ಮ ದಿನಾ ಬಟ್ಟೆಯಲ್ಲಿ ಒರೆಸುತ್ತಿದ್ದರು, ನಾಲ್ಕು ದಿನಕ್ಕೆ ಮತ್ತೆ ಹಾಜರು. ನಾನು ಬೆರಳಿಗೆ ಸ್ವಲ್ಪ ತಾಗಿಸಿ ನಾಲಗೆಗೆ ಇಟ್ಟೆ. ಬರೀ ಉಪ್ಪು. ಟಾರ್ಚ್ ಹಿಡಿದು ಒಳಗೆ ನೋಡಿದರೆ ಗ್ಲೇಜಿನಲ್ಲಿ ಕೂದಲೆಳೆಯ ಗೆರೆಗಳು.

ಗ್ಲೇಜು ಅಂದರೆ ಭರಣಿಯ ಮೈಗೆ ಕರಗಿಸಿ ಹಿಡಿಸಿದ ಗಾಜು. ಅದು ಬಿರಿದರೆ, ಒಳಗಿನ ಮಣ್ಣಿನ ಮೈ ಸರಿಯಾಗಿ ಬೆಂದಿರದಿದ್ದರೆ, ಉಪ್ಪುನೀರು ನಿಧಾನಕ್ಕೆ ಹೊರಗೆ ಒಸರುತ್ತದೆ. ನೀರು ಆರಿಹೋಗುತ್ತದೆ, ಉಪ್ಪು ಹರಳಾಗಿ ನಿಲ್ಲುತ್ತದೆ. ಇಷ್ಟಕ್ಕೇ ಮುಗಿದರೆ ಪರವಾಗಿಲ್ಲ. ಗ್ಲೇಜಿನ ಅಡಿಯಲ್ಲೇ ಹರಳು ಬೆಳೆದರೆ ಗ್ಲೇಜನ್ನೇ ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ. ಆ ಭರಣಿಯನ್ನು ಈಗ ಅಕ್ಕಿ ಹಾಕಿಡಲು ಇಟ್ಟಿದ್ದಾರೆ.

ಹೊಸ ಭರಣಿ ತಗೊಳ್ಳುವಾಗ ಗ್ಲೇಜು ಇಲ್ಲದ ತಳವನ್ನು ಒರೆಸಿ, ಒಂದು ಹನಿ ನೀರು ಹಾಕಿ. ಕೂಡಲೇ ಹೀರಿದರೆ ಬೇಡ. ಹನಿ ಹಾಗೇ ಕೂತರೆ ಮೈ ಬೆಂದಿದೆ ಅಂತ ಲೆಕ್ಕ. ನನ್ನ ಅಂಗಡಿಯಲ್ಲಿ ಹೀಗೆ ಪರೀಕ್ಷೆ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುವುದಿಲ್ಲ, ಖುಷಿಯಾಗುತ್ತದೆ.

ಕಪ್ಪಿನ ಒಳಗೆ ಜೇಡರ ಬಲೆಯ ಹಾಗೆ ಗೆರೆ. ಬೀಳಿಸಿದ್ದೇ ಇಲ್ಲ, ಶೋಕೇಸಿನಲ್ಲೇ ಇತ್ತು. ಹೇಗೆ ಬಂತು?

ಆವೆಯಿಂದ ತೆಗೆದು ತಣಿಯುವಾಗ ಗ್ಲೇಜು ತನ್ನ ಅಡಿಯ ಮಣ್ಣಿನ ಮೈಗಿಂತ ಜಾಸ್ತಿ ಕುಗ್ಗಿದರೆ ಅದು ಬಿಗಿ ಅಂಗಿಯಂತಾಗುತ್ತದೆ. ಎಳೆತ ತಾಳದೆ ಬಲೆಯಂತೆ ಬಿರಿಯುತ್ತದೆ. ಕೆಲವೊಮ್ಮೆ ಇದು ವರ್ಷಗಳ ನಂತರ ಆಗುತ್ತದೆ. ತೂತಿರುವ ಮಣ್ಣಿನ ಮೈ ಗಾಳಿಯ ತೇವವನ್ನು ಹೀರಿ ಅತಿ ನಿಧಾನಕ್ಕೆ ಉಬ್ಬುತ್ತದೆ, ಗ್ಲೇಜು ಉಬ್ಬುವುದಿಲ್ಲ. ಶೋಕೇಸಿನೊಳಗೆ ರಾತ್ರಿ ಟಿಣ್ ಅಂತ ಸದ್ದು ಕೇಳಿದ್ದರೆ ಅದು ದೆವ್ವ ಅಲ್ಲ, ಇದು.

ಇದರ ದೊಡ್ಡ ರೂಪ ನೋಡಬೇಕಾದರೆ ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ. ಅಲ್ಲಿ ಐದು ಮೂಲೆ, ಆರು ಮೂಲೆಯ ಕಲ್ಲಿನ ಕಂಬಗಳು ಜೋಡಿಸಿಟ್ಟಂತೆ ನಿಂತಿವೆ. ಕೋಟಿಗಟ್ಟಲೆ ವರ್ಷದ ಹಿಂದೆ ಲಾವಾ ತಣಿದು ಕುಗ್ಗುವಾಗ ಮೇಲ್ಮೈಯಲ್ಲಿ ಬಲೆಯಂತೆ ಬಿರುಕು ಹುಟ್ಟಿ, ತಣಿದಂತೆಲ್ಲ ಕೆಳಗೆ ಇಳಿಯುತ್ತಾ ಹೋಗಿ ಆ ಕಂಬಗಳಾದವು. ನಿಮ್ಮ ಕಪ್ಪಿನ ಗೆರೆಗೂ ಅದಕ್ಕೂ ಕಾರಣ ಒಂದೇ. ತಣಿಯುವಾಗ ಕುಗ್ಗಬೇಕು, ಕುಗ್ಗಲು ಬಿಡುವವರಿಲ್ಲ.

ಬಣ್ಣಬಣ್ಣದ ಬಟ್ಟಲಿನಲ್ಲಿ ಹುಳಿ ಪದಾರ್ಥ ಇಡಬಾರದು ಅಂತಾರೆ, ಹೌದಾ?

ಜಾತ್ರೆಯಲ್ಲೋ ದಾರಿಬದಿಯಲ್ಲೋ ಕೊಂಡ ಕಡುಗೆಂಪು, ಹಳದಿ, ಕಿತ್ತಳೆ ಬಣ್ಣದ ಅಗ್ಗದ ಗ್ಲೇಜಿನದ್ದಾದರೆ ಹೌದು. ಕಡಿಮೆ ಬಿಸಿಗೇ ಕರಗಿ ಹೊಳಪು ಬರಲಿ ಅಂತ ಗ್ಲೇಜಿಗೆ ಸೀಸ ಸೇರಿಸುವ ಪದ್ಧತಿ ಹಳೆಯದು. ಈ ಬಣ್ಣಗಳಿಗೆ ಕ್ಯಾಡ್ಮಿಯಂ ಕೂಡ ಬಳಸುತ್ತಾರೆ. ಸರಿಯಾಗಿ ಬೇಯಿಸದ ಗ್ಲೇಜಿನಿಂದ ಹುಳಿ ಇವನ್ನು ಕರಗಿಸಿ ಊಟಕ್ಕೆ ಇಳಿಸುತ್ತದೆ. ಪುನರ್ಪುಳಿ ಸಾರು, ಮೊಸರು, ಉಪ್ಪಿನಕಾಯಿಗೆ ಒಳಮೈ ಬಿಳಿಯಾಗಿರುವ, ಆಹಾರಕ್ಕೆ ಅಂತಲೇ ಮಾಡಿದ ಪಾತ್ರೆ ತಗೊಳ್ಳಿ. ಚಂದದ್ದನ್ನು ಗೋಡೆಗೆ ತೂಗುಹಾಕಿ.

ಹಸಿ ಹಂಚು ಮಳೆಗೆ ಕರಗುತ್ತದೆ, ಸುಟ್ಟದ್ದು ನೂರು ವರ್ಷ ಬರುತ್ತದೆ. ಬೆಂಕಿ ಅಂಥದ್ದೇನು ಮಾಡುತ್ತದೆ?

ಆವೆಮಣ್ಣಿನಲ್ಲಿ ಎರಡು ಬಗೆಯ ನೀರಿದೆ. ಕಣಗಳ ನಡುವಿನ ನೀರು ಬಿಸಿಲಿಗೇ ಹೋಗುತ್ತದೆ, ಮತ್ತೆ ನೀರು ಹಾಕಿದರೆ ಮತ್ತೆ ಕೆಸರು. ಇನ್ನೊಂದು ಕಣದ ಒಡಲಿನಲ್ಲೇ ಕಟ್ಟಿಹಾಕಿದ ನೀರು. ಅದು ಬಿಡುವುದು ಸುಮಾರು 450ರಿಂದ 600 ಡಿಗ್ರಿಯ ನಡುವೆ. ಅದು ಹೋದ ಮೇಲೆ ಮಣ್ಣು ಮಣ್ಣಾಗಿ ಉಳಿಯುವುದಿಲ್ಲ, ಎಷ್ಟು ನೆನೆಸಿದರೂ ಕೆಸರಾಗುವುದಿಲ್ಲ. ಇನ್ನೂ ಮೇಲೆ ಹೋದರೆ ಕಣಗಳ ಅಂಚು ಕರಗಿ ಒಂದಕ್ಕೊಂದು ಬೆಸೆಯುತ್ತವೆ. ಮಣ್ಣಿನ ಕಬ್ಬಿಣ ಗಾಳಿ ಸಿಕ್ಕಿ ಕೆಂಪಾಗುತ್ತದೆ. ಗಾಳಿ ಸಿಗದೆ ಹೊಗೆ ಸುತ್ತಿಕೊಂಡರೆ ಅದೇ ಮಣ್ಣು ಕಪ್ಪು. ಕಪ್ಪು ಮಡಕೆ, ಕೆಂಪು ಮಡಕೆ ಬೇರೆ ಬೇರೆ ಮಣ್ಣಿನದ್ದೇ ಆಗಬೇಕಾಗಿಲ್ಲ.

ಈ ದಾರಿಯಲ್ಲಿ ಒಂದು ಅಪಾಯದ ತಿರುವು ಇದೆ. ಮಣ್ಣಿನಲ್ಲಿರುವ ಬೆಣಚುಕಲ್ಲಿನ ಮರಳು 573 ಡಿಗ್ರಿಯಲ್ಲಿ ಒಮ್ಮೆಲೇ ತನ್ನ ಹರಳಿನ ರೂಪ ಬದಲಿಸಿ ಹಿಗ್ಗುತ್ತದೆ. ತಣಿಯುವಾಗ ಅಲ್ಲೇ ಕುಗ್ಗುತ್ತದೆ. ಆ ಹೊತ್ತಿಗೆ ಆವೆಯ ಬಾಗಿಲು ತೆಗೆದರೆ ಸಾಲುಸಾಲು ಹಂಚು ಬಿರಿಯುತ್ತದೆ. ಕಾರ್ಖಾನೆಯಲ್ಲಿ ಹಳೆಯ ಕೆಲಸಗಾರರೊಬ್ಬರಿಗೆ ಈ ಸಂಖ್ಯೆ ಗೊತ್ತಿರಲಿಲ್ಲ. ಆದರೆ ಒಳಗಿನ ಕೆಂಪು ಆರಿದ ಕೂಡಲೇ "ಈಗ ಮುಟ್ಟಬೇಡಿ" ಅನ್ನುತ್ತಿದ್ದರು. ಥರ್ಮಾಮೀಟರ್ ತಂದು ನೋಡಿದರೆ ಅವರ ಕಣ್ಣೇ ಸರಿ ಇತ್ತು.

ಹಂಚು ನೀರು ಕುಡಿಯುತ್ತದೆ ಅಂತೀರಿ. ಮತ್ತೆ ಆಟಿಯ ಮಳೆಗೆ ಮನೆ ಸೋರುವುದಿಲ್ಲ ಹೇಗೆ?

ಕುಡಿಯುತ್ತದೆ, ಆದರೆ ಬಿಟ್ಟುಕೊಡುವುದಿಲ್ಲ. ಸಣ್ಣ ತೂತುಗಳು ನೀರನ್ನು ಎಳೆದು ಹಿಡಿದಿಟ್ಟುಕೊಳ್ಳುತ್ತವೆ. ತೂತು ತುಂಬಿದ ಮೇಲೆ ಉಳಿದ ನೀರು ಇಳಿಜಾರಿನಲ್ಲಿ ಓಡುತ್ತದೆ. ಇಳಿಜಾರು ಕಡಿಮೆ ಮಾಡಿ ಕಟ್ಟಿದ ಮಾಡಿನಲ್ಲಿ ಇದೇ ಹಂಚು ತೊಟ್ಟಿಕ್ಕುತ್ತದೆ, ಬೈಗುಳ ಹಂಚಿಗೆ.

ಮಂಗಳೂರು ಹಂಚಿನ ಅಸಲು ಜಾಣತನ ಅದರ ಅಂಚಿನ ತೋಡುಗಳಲ್ಲಿದೆ. ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಗಾಳಿ ಮಳೆಯನ್ನು ಅಡ್ಡಕ್ಕೆ ಬೀಸಿದರೂ ನೀರು ತೋಡಿನಲ್ಲೇ ಇಳಿಯುತ್ತದೆ. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಇಲ್ಲಿನ ಮೊದಲ ಹಂಚಿನ ಕಾರ್ಖಾನೆ ಶುರು ಮಾಡಿದ. ನೇತ್ರಾವತಿಯ ದಡದ ಆವೆಮಣ್ಣು ಕೈಗೆಟಕುವಷ್ಟು ಹತ್ತಿರ ಇತ್ತು, ಸಾಗಿಸಲು ದೋಣಿಯೂ ಇತ್ತು.

ಹಂಚು ಕಪ್ಪಾಗುವುದು ಪಾಚಿಯಿಂದ. ತಂತಿ ಬ್ರಶ್ಶು ಹಾಕಿ ತಿಕ್ಕಬೇಡಿ. ಮೇಲಿನ ಗಟ್ಟಿ ಪದರ ಹೋದರೆ ಮುಂದಿನ ವರ್ಷ ಪಾಚಿಗೆ ಇನ್ನೂ ಸಲೀಸು.

ಹಂಚು ತಗೊಳ್ಳುವಾಗ ಬೆರಳಿನಿಂದ ಬಡಿದು ನೋಡುವುದು ಎಂತ ಲೆಕ್ಕ?

ಒಳ್ಳೆಯ ಹಂಚು ಟಣ್ ಅನ್ನುತ್ತದೆ. ಬಿರುಕಿದ್ದರೆ, ಬೇಯದಿದ್ದರೆ ಡಬ್ ಅನ್ನುತ್ತದೆ. ಬಡಿದಾಗ ಇಡೀ ಹಂಚು ನಡುಗುತ್ತದೆ, ಬಿರುಕಿನ ಎರಡು ಅಂಚು ಒಂದಕ್ಕೊಂದು ಉಜ್ಜಿ ಆ ನಡುಕವನ್ನು ನುಂಗಿಬಿಡುತ್ತವೆ. ಕಪ್ಪು, ಭರಣಿ, ಮಡಕೆಗೂ ಇದೇ ಪರೀಕ್ಷೆ. ಒಂದು ಕೈಯ ಬೆರಳ ತುದಿಯಲ್ಲಿ ಹಗುರ ಹಿಡಿದು ಬಡಿಯಿರಿ. ಗಟ್ಟಿ ಹಿಡಿದರೆ ನಿಮ್ಮ ಕೈಯೇ ಸದ್ದು ನುಂಗುತ್ತದೆ.

ಹೊಸ ಮನೆಯ ವಿಟ್ರಿಫೈಡ್ ಟೈಲ್ಸ್ ಮಧ್ಯರಾತ್ರಿ ಢಮ್ ಅಂತ ಎದ್ದು ನಿಂತಿತು. ಭೂಕಂಪವಾ?

ಅಲ್ಲ, ಜಾಗ ಸಾಲಲಿಲ್ಲ. ವಿಟ್ರಿಫೈಡ್ ಅಂದರೆ ಗಾಜಾಗುವಷ್ಟು ಬೆಂದದ್ದು. ತೂಕದ 0.5 ಶೇಕಡಾದಷ್ಟು ನೀರನ್ನೂ ಹೀರುವುದಿಲ್ಲ. ನೀರು ಹೀರದ ಟೈಲ್ಸಿಗೆ ಬರೀ ಸಿಮೆಂಟ್ ಹಾಲು ಕಚ್ಚುವುದೂ ಇಲ್ಲ, ಅದಕ್ಕೆ ಬೇರೆ ಅಂಟು ಬೇಕು. ಹಳೆ ಅಭ್ಯಾಸದಲ್ಲಿ ಸಿಮೆಂಟ್ ಮೇಲೆ, ಸಂದು ಬಿಡದೆ ಒತ್ತೊತ್ತಿ ಕೂರಿಸುತ್ತಾರೆ. ಕೆಳಗಿನ ಕಾಂಕ್ರೀಟು ಒಣಗುತ್ತಾ ಕುಗ್ಗುತ್ತದೆ, ಟೈಲ್ಸ್ ಕುಗ್ಗುವುದಿಲ್ಲ. ಪಕ್ಕಕ್ಕೆ ಹೋಗಲು ಜಾಗ ಇಲ್ಲ, ಮೇಲಕ್ಕೆ ಏಳುತ್ತದೆ. ಸಂದಿಗೆ ಎರಡು-ಮೂರು ಮಿಲಿಮೀಟರ್ ಬಿಡಿ, ಗೋಡೆಯ ಅಂಚಿಗೆ ಇನ್ನೂ ಸ್ವಲ್ಪ ಜಾಸ್ತಿ. ಮೇಸ್ತ್ರಿ "ಸಂದು ಬಿಟ್ಟರೆ ಚಂದ ಕಾಣುವುದಿಲ್ಲ" ಅನ್ನುತ್ತಾರೆ. ನನ್ನ ಮನೆಯಲ್ಲೂ ಅಂದಿದ್ದರು, ನಾನೂ ಕೇಳಿ ಕೆಟ್ಟೆ.

## ಸ್ವಲ್ಪ ಆಳಕ್ಕೆ

ಗ್ಲಾಸ್ ಟಾಪ್ ಸ್ಟವ್ ತನ್ನಷ್ಟಕ್ಕೇ ಸಿಡಿಯಿತು. ಟಫನ್ ಗ್ಲಾಸ್ ಅಂದಿದ್ದರು, ಮೋಸ ಅಲ್ವಾ?

ಟಫನ್ ಗ್ಲಾಸ್ ಸಿಡಿಯುವುದೇ ಹಾಗೆ. ಸಾಮಾನ್ಯ ಗಾಜನ್ನು ಸುಮಾರು 620ರಿಂದ 650 ಡಿಗ್ರಿಗೆ ಕಾಯಿಸಿ ಎರಡೂ ಬದಿಗೆ ಜೋರಾಗಿ ತಣ್ಣನೆ ಗಾಳಿ ಬೀಸುತ್ತಾರೆ. ಮೇಲ್ಮೈ ಮೊದಲು ಗಟ್ಟಿಯಾಗುತ್ತದೆ. ನಡುವಿನದ್ದು ಆಮೇಲೆ ತಣಿದು ಕುಗ್ಗುವಾಗ ಮೇಲ್ಮೈಯನ್ನು ಒಳಗೆ ಎಳೆದು ಒತ್ತಿಹಿಡಿಯುತ್ತದೆ. ಹೀಗೆ ಮೇಲ್ಮೈ ಯಾವಾಗಲೂ ಒತ್ತಡದಲ್ಲಿ, ನಡು ಯಾವಾಗಲೂ ಎಳೆತದಲ್ಲಿ. ಬಿರುಕು ಹುಟ್ಟುವುದು ಮೇಲ್ಮೈಯಲ್ಲಿ, ಒತ್ತಡ ಅದನ್ನು ಬಾಯಿ ತೆರೆಯಲು ಬಿಡುವುದಿಲ್ಲ. ಹಾಗಾಗಿ ಸಾಮಾನ್ಯ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ.

ಆದರೆ ಯಾವುದಾದರೂ ಗೀರು ಆ ಪದರ ದಾಟಿ ನಡುವಿನ ಎಳೆತದ ಜಾಗಕ್ಕೆ ತಲುಪಿತು ಅನ್ನಿ. ಅಲ್ಲಿ ಕೂಡಿಟ್ಟ ಬಲವೆಲ್ಲ ಒಮ್ಮೆಗೇ ಬಿಡುಗಡೆ, ಇಡೀ ಹಲಗೆ ಕಲ್ಲುಸಕ್ಕರೆಯಂಥ ತುಂಡುಗಳಾಗಿ ಉದುರುತ್ತದೆ. ಚೂರಿಯಂಥ ತುಂಡಾಗದಿರುವುದೇ ಇದರ ಸುರಕ್ಷೆ. ತಂಗಿಯ ಮನೆಯಲ್ಲಿ ಸಿಡಿದಾಗ ನಾನು ಹೋಗಿ ನೋಡಿದೆ. ಬರ್ನರಿನ ಆಚೆಗೂ ಚಾಚಿಕೊಳ್ಳುವ ದೊಡ್ಡ ಕಾವಲಿ ಇಟ್ಟು ಗಂಟೆಗಟ್ಟಲೆ ನೀರುದೋಸೆ ಹೊಯ್ದಿದ್ದರು, ಬಿಸಿ ಇರುವಾಗಲೇ ಒದ್ದೆ ಬಟ್ಟೆ ಹಾಕಿ ಒರೆಸಿದ್ದರು. ಅಂಚಿನಲ್ಲಿ ಕುಕ್ಕರ್ ತಾಗಿದ ಹಳೆಯ ಪೆಟ್ಟೂ ಇತ್ತು. ಮೂರೂ ಸೇರಿದರೆ ಯಾವ ಗಾಜು ತಾಳುತ್ತದೆ?

ಯಾರೂ ಮುಟ್ಟದೆ ಸಿಡಿಯುವುದೂ ಉಂಟು. ಗಾಜು ಕರಗಿಸುವಾಗ ಸೇರಿದ ನಿಕ್ಕಲ್ ಸಲ್ಫೈಡಿನ ಸೂಕ್ಷ್ಮ ಹರಳು ವರ್ಷಗಳಾದ ಮೇಲೆ ನಿಧಾನಕ್ಕೆ ಹಿಗ್ಗಿ ಒಳಗಿನಿಂದಲೇ ಬಿರುಕು ಹುಟ್ಟಿಸುತ್ತದೆ. ಅಂದಹಾಗೆ, ಟಫನ್ ಮಾಡಿದ ಮೇಲೆ ಗಾಜನ್ನು ಕತ್ತರಿಸಲು, ತೂತು ಕೊರೆಯಲು ಆಗುವುದಿಲ್ಲ. ಎಲ್ಲಾ ಮೊದಲೇ ಮಾಡಿರಬೇಕು.

ಮೊಬೈಲ್ ಪರದೆಯೂ ಹಾಗೇ ಮಾಡಿದ್ದಾ?

ಉದ್ದೇಶ ಅದೇ, ದಾರಿ ಬೇರೆ. ಅಷ್ಟು ತೆಳು ಗಾಜಿಗೆ ಗಾಳಿ ಬೀಸಿದರೆ ಒಳ-ಹೊರ ಒಟ್ಟಿಗೇ ತಣಿದುಬಿಡುತ್ತದೆ. ಅದಕ್ಕೆ ಸುಮಾರು 400 ಡಿಗ್ರಿಯಲ್ಲಿ ಕರಗಿದ ಪೊಟ್ಯಾಸಿಯಂ ನೈಟ್ರೇಟಿನಲ್ಲಿ ಗಾಜನ್ನು ಮುಳುಗಿಸುತ್ತಾರೆ. ಮೇಲ್ಮೈಯ ಸೋಡಿಯಂ ಹೊರಗೆ ಬಂದು ಆ ಜಾಗಕ್ಕೆ ದಪ್ಪದ ಪೊಟ್ಯಾಸಿಯಂ ನುಗ್ಗುತ್ತದೆ. ಬಸ್ಸಿನ ಇಬ್ಬರ ಸೀಟಿನಲ್ಲಿ ಮೂರು ಜನ ಕೂತ ಹಾಗೆ. ಒತ್ತಡ ತಾನಾಗಿಯೇ ಬಂತು.

ಗಾಜು ನಿಜವಾಗಿ ದ್ರವ, ನಿಧಾನಕ್ಕೆ ಹರಿಯುತ್ತದೆ, ಅದಕ್ಕೇ ಹಳೆ ಚರ್ಚಿನ ಕಿಟಕಿ ಕೆಳಗೆ ದಪ್ಪ ಅಂತ ಮಗಳ ಟೀಚರ್ ಹೇಳಿದರು.

ತುಂಬ ಜನ ನಂಬಿರುವ ಕತೆ. ಗಾಜಿನೊಳಗೆ ಕಣಗಳು ಹರಳಿನ ಹಾಗೆ ಸಾಲಾಗಿ ನಿಂತಿಲ್ಲ, ದ್ರವದ ಹಾಗೆ ಅಸ್ತವ್ಯಸ್ತ ಇವೆ, ಅಷ್ಟು ನಿಜ. ಸಕ್ಕರೆ ಪಾಕ ಬೇಗ ತಣಿದರೆ ಹರಳಾಗದೆ ಹೊಳೆಯುವ ಮಿಠಾಯಿ ಆಗುತ್ತದಲ್ಲ, ಹಾಗೆ. ಆದರೆ ಮನೆಯ ಬಿಸಿಯಲ್ಲಿ ಅದು ಗಟ್ಟಿ ವಸ್ತು. ಕಣ್ಣಿಗೆ ಕಾಣುವಷ್ಟು ಹರಿಯಲು ಭೂಮಿಯ ವಯಸ್ಸೂ ಸಾಲದು. ಹಳೆ ಕಾಲದಲ್ಲಿ ಗಾಜನ್ನು ಊದಿ, ತಿರುಗಿಸಿ ಹಲಗೆ ಮಾಡುತ್ತಿದ್ದರು, ದಪ್ಪ ಸಮ ಇರುತ್ತಿರಲಿಲ್ಲ. ಕೂರಿಸುವವ ದಪ್ಪದ ಬದಿಯನ್ನು ಕೆಳಗೆ ಇಟ್ಟರೆ ಕೆಳಗೆ ದಪ್ಪ. ದಪ್ಪ ಬದಿ ಮೇಲಿರುವ ಹಳೆ ಕಿಟಕಿಗಳೂ ಇವೆ. ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಸಮತಟ್ಟು ಮಾಡುವ ಕ್ರಮವನ್ನು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ ಜಗತ್ತಿಗೆ ತಿಳಿಸಿದ್ದು 1959ರಲ್ಲಿ.

ಗಾಜಿನ ಅಂಗಡಿಯವ ಬರೀ ಒಂದು ಗೆರೆ ಎಳೆದು ಪಟ್ ಅಂತ ಮುರಿಯುತ್ತಾನೆ. ಕತ್ತರಿಸುವುದೇ ಇಲ್ವಾ?

ಇಲ್ಲ. ಬಿರುಕಿಗೆ ದಾರಿ ತೋರಿಸುತ್ತಾನೆ. ಕಣಗಳ ಹಿಡಿತದ ಲೆಕ್ಕ ಹಾಕಿದರೆ ಗಾಜು ಉಕ್ಕಿಗಿಂತ ಗಟ್ಟಿ ಇರಬೇಕು. ನಿಜದಲ್ಲಿ ನೂರರಲ್ಲಿ ಒಂದು ಪಾಲೂ ಸಿಗುವುದು ಕಷ್ಟ. ಕಾರಣ ಹೇಳಿದ್ದು ಇಂಗ್ಲೆಂಡಿನ ಗ್ರಿಫಿತ್, 1920ರಲ್ಲಿ. ಗಾಜಿನ ಮೈಯಲ್ಲಿ ಕಣ್ಣಿಗೆ ಕಾಣದ ಗೀರುಗಳು ಯಾವಾಗಲೂ ಇರುತ್ತವೆ, ಎಳೆತವೆಲ್ಲ ಅವುಗಳ ಚೂಪು ತುದಿಗೆ ಹೋಗಿ ಸೇರುತ್ತದೆ. ಹೊಸದಾಗಿ ಎಳೆದ ತೆಳು ಗಾಜಿನ ನೂಲು ಅಚ್ಚರಿಯಷ್ಟು ಗಟ್ಟಿ, ಅದರ ಮೇಲೆ ಇನ್ನೂ ಗೀರು ಬಿದ್ದಿಲ್ಲ.

ಗೆರೆ ಎಳೆದ ಕೂಡಲೇ ಅವನು ಮುರಿಯುವುದನ್ನು ಗಮನಿಸಿ. ಬಿಟ್ಟು ಚಾ ಕುಡಿದು ಬಂದರೆ ಮುರಿತ ಅಡ್ಡ ಹೋಗುತ್ತದೆ. ಗಾಳಿಯ ತೇವ ಕೂಡ ಬಿರುಕಿನ ತುದಿಗೆ ಸೇರಿ ಕಣಗಳ ಹಿಡಿತ ಬಿಡಿಸುತ್ತದೆ. ತಿಂಗಳುಗಟ್ಟಲೆ ಭಾರ ಹೊತ್ತ ಗಾಜಿನ ಕಪಾಟು ಒಂದು ದಿನ ಸುಮ್ಮನೆ ಮುರಿಯುವುದರ ಹಿಂದೆ ಇದೂ ಇದೆ.

ಪ್ಯಾಕ್ ಮಾಡಿಟ್ಟ ಹೊಸ ಗಾಜಿನ ಹಲಗೆ ಮಳೆಗಾಲ ಮುಗಿಯುವಷ್ಟರಲ್ಲಿ ಮಬ್ಬಾಗಿತ್ತು. ತೊಳೆದರೂ ಹೋಗುವುದಿಲ್ಲ.

ಎರಡು ಹಲಗೆಗಳ ನಡುವೆ ತೇವ ಸಿಕ್ಕಿಬಿದ್ದಿದೆ. ನೀರು ಗಾಜಿನಿಂದ ಸೋಡಾವನ್ನು ಸ್ವಲ್ಪ ಸ್ವಲ್ಪ ಎಳೆಯುತ್ತದೆ, ಆ ನೀರೇ ಕ್ಷಾರವಾಗುತ್ತದೆ, ಕ್ಷಾರ ಗಾಜನ್ನೇ ತಿನ್ನುತ್ತದೆ. ಹರಿಯುವ ಮಳೆಗೆ ಗಾಜು ಹೆದರುವುದಿಲ್ಲ, ನಿಂತ ತೇವಕ್ಕೆ ಹೆದರುತ್ತದೆ. ಶುರುವಿನಲ್ಲಾದರೆ ಪಾಲಿಶ್ ಮಾಡಿ ತೆಗೆಯಬಹುದು, ಆಮೇಲೆ ಇಲ್ಲ. ಹಲಗೆಗಳ ನಡುವೆ ಕಾಗದ ಇಟ್ಟು, ನಿಲ್ಲಿಸಿ, ಗಾಳಿಯಾಡುವಲ್ಲಿ ಇಡಿ. ಬೋರ್‌ವೆಲ್ ನೀರಿನ ಬಿಳಿ ಕಲೆ ಬೇರೆ ವಿಷಯ. ಅದು ಸುಣ್ಣ, ವಿನೆಗರಿಗೆ ಹೋಗುತ್ತದೆ.

ಮಲ್ಪೆಯಲ್ಲಿ ಇಷ್ಟು ಮರಳಿದೆ. ಗಾಜಿನ ಫ್ಯಾಕ್ಟರಿ ಹಾಕಬಹುದಲ್ವಾ?

ಅಲೆ ಹಿಂದೆ ಸರಿದಾಗ ಮರಳಿನ ಮೇಲೆ ಕಪ್ಪು ಗೆರೆ ಉಳಿಯುವುದನ್ನು ನೋಡಿದ್ದೀರಾ? ಆ ಕಪ್ಪಿನಲ್ಲಿ ಕಬ್ಬಿಣ ಇದೆ. ಗಾಜಿನಲ್ಲಿ ಕಬ್ಬಿಣದ ಆಕ್ಸೈಡ್ ಸಾವಿರದಲ್ಲಿ ಒಂದು ಪಾಲು ಇದ್ದರೂ ಹಲಗೆಯ ಅಂಚು ಹಸಿರಾಗಿ ಕಾಣುತ್ತದೆ. ಇಲ್ಲಿನ ಮರಳಿಂದ ಬಿಯರ್ ಬಾಟಲಿಯ ಬಣ್ಣ ಬಂದೀತು, ಕಿಟಕಿಯ ಗಾಜು ಬಾರದು. ಜೊತೆಗೆ ಬರೀ ಮರಳು ಕರಗಲು ಸುಮಾರು 1700 ಡಿಗ್ರಿ ಬೇಕು. ಸೋಡಾ ಹಾಕಿದರೆ ಬೇಗ ಕರಗುತ್ತದೆ, ಆದರೆ ಬರೀ ಸೋಡಾ ಹಾಕಿದ ಗಾಜು ನೀರಲ್ಲೇ ಕರಗಿಹೋಗುತ್ತದೆ. ಅದನ್ನು ತಡೆಯಲು ಸುಣ್ಣ. ಸುಣ್ಣಕ್ಕೆ ಮಾತ್ರ ನಮ್ಮ ತೀರದ ಚಿಪ್ಪು ಧಾರಾಳ ಇದೆ.

ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ ಅಲ್ವಾ, ಯಾವಾಗಲೂ?

ತಣ್ಣಗಿರುವಾಗ ಇಲ್ಲ. ಕೆಂಪಗೆ ಕಾದರೆ ಹರಿಯುತ್ತದೆ. ಗಾಜಿನೊಳಗಿನ ಸೋಡಿಯಂ ಸಡಿಲವಾಗಿ ಓಡಾಡತೊಡಗುತ್ತದೆ. ಕರಗಿದ ಗಾಜಿಗೆ ನೇರವಾಗಿ ಕರೆಂಟ್ ಕೊಟ್ಟು ಬಿಸಿ ಮಾಡುವ ಒಲೆಗಳೇ ಇವೆ.

ಮೊದಲ ಮಳೆ ಬಿದ್ದ ರಾತ್ರಿ ಕರೆಂಟ್ ಕಂಬದಲ್ಲಿ ಚರ್ ಚರ್ ಸದ್ದು, ನೀಲಿ ಬೆಳಕು. ಜೋರು ಮಳೆಗೆ ಅದೇ ಕಂಬ ಸುಮ್ಮನಿರುತ್ತದೆ. ಇದೆಂಥ ವಿಚಿತ್ರ?

ಕಂಬದ ಮೇಲಿನ ಕಂದು ಬಟ್ಟಲಿನಂಥದ್ದು ಪಿಂಗಾಣಿ. ಕರೆಂಟ್ ಅದರ ಒಡಲಿನಲ್ಲಿ ಹರಿಯುವುದಿಲ್ಲ, ತೊಂದರೆ ಬರುವುದು ಮೇಲ್ಮೈಯಿಂದ. ನವೆಂಬರಿನಿಂದ ಮೇವರೆಗೆ ಸಮುದ್ರದ ಗಾಳಿ ಅದರ ಮೇಲೆ ಉಪ್ಪು ಮೆತ್ತುತ್ತದೆ. ಒಣ ಉಪ್ಪಿನಿಂದ ಏನೂ ಆಗುವುದಿಲ್ಲ. ಮೊದಲ ತುಂತುರು ಆ ಉಪ್ಪನ್ನು ಒದ್ದೆ ಮಾಡುತ್ತದೆ, ತೊಳೆಯುವಷ್ಟು ಇರುವುದಿಲ್ಲ. ಉಪ್ಪುನೀರಿನ ತೆಳು ಪದರದಲ್ಲಿ ಕರೆಂಟ್ ಹರಿದು, ಅಲ್ಲಲ್ಲಿ ನೀರು ಆರಿ, ಆರಿದ ಜಾಗ ದಾಟಲು ಕಿಡಿ ಹಾರುತ್ತದೆ. ಜಡಿಮಳೆ ಬಂದರೆ ಉಪ್ಪೆಲ್ಲ ತೊಳೆದು ಪಿಂಗಾಣಿ ಮತ್ತೆ ಶುದ್ಧ.

ಅದರ ಸುತ್ತ ಲಂಗದ ನೆರಿಗೆಯಂತೆ ಪದರಗಳಿವೆಯಲ್ಲ, ಅವು ಚಂದಕ್ಕಲ್ಲ. ಮೇಲ್ಮೈಯಲ್ಲಿ ಕರೆಂಟ್ ನಡೆಯಬೇಕಾದ ದಾರಿ ಉದ್ದವಾಗಲಿ, ಪದರದ ಅಡಿ ಒಣಗಿ ಇರಲಿ ಅಂತ. ಸಮುದ್ರದ ಹತ್ತಿರ ಈ ದಾರಿ ಇನ್ನೂ ಉದ್ದ ಬೇಕು. ದೊಡ್ಡ ಲೈನುಗಳಲ್ಲಿ ಟಫನ್ ಗಾಜಿನ ಬಿಲ್ಲೆಗಳೂ ಇರುತ್ತವೆ. ಪಿಂಗಾಣಿ ಒಳಗೇ ಬಿರಿದರೆ ಕೆಳಗೆ ನಿಂತವರಿಗೆ ಕಾಣುವುದಿಲ್ಲ. ಗಾಜಿನದ್ದು ಕೆಟ್ಟರೆ ಪೂರ್ತಿ ಉದುರಿಹೋಗುತ್ತದೆ, ಲೈನ್‌ಮ್ಯಾನ್ ಬೈಕಿನಲ್ಲಿ ಹೋಗುತ್ತಲೇ ತಲೆ ಎತ್ತಿ ನೋಡಿದರೆ ಯಾವುದು ಬದಲಿಸಬೇಕು ಅಂತ ತಿಳಿಯುತ್ತದೆ.